ಡಿಪಿಎಫ್ ಕಟ್ಟಿಕೊಂಡಿದೆಯೇ? ಮಸಿಯೋ ಬೂದಿಯೋ, ಮೊದಲು ನೋಡಿ

ಪ್ರಶ್ನೆ: 2020ರ ಕೊನೆಗೆ ಕೊಂಡ ಬಿಎಸ್6 ಡೀಸೆಲ್ ಕಾರು, 1.5 ಲೀಟರ್ ಇಂಜಿನ್, 43,000 ಕಿ.ಮೀ. ಓಡಿದೆ. ಮನೆ ಬನಶಂಕರಿ, ಆಫೀಸ್ ಜಯನಗರ. ದಿನಾ ಹೋಗಿ ಬರೋದು ಹತ್ತು ಹನ್ನೆರಡು ಕಿಲೋಮೀಟರ್, ಪೂರ್ತಿ ಸಿಗ್ನಲ್‌ಗಳ ನಡುವೆ. ಎರಡು ತಿಂಗಳ ಹಿಂದೆ ಮೀಟರಿನಲ್ಲಿ ಸೈಲೆನ್ಸರ್ ಚಿತ್ರದ ಹಳದಿ ದೀಪ ಹತ್ತಿತು. ಹೈವೇಲಿ ಓಡಿಸಿದ್ರೆ ಹೋಗುತ್ತೆ ಅಂದ್ರು. ಹಾಸನಕ್ಕೆ ಹೋಗಿ ಬಂದೆ, ಹೋಗಲಿಲ್ಲ. ಈಗ ಇಂಜಿನ್ ದೀಪವೂ ಬಂದಿದೆ, ಪಿಕಪ್ ಇಲ್ಲ, 2,500 ಆರ್‌ಪಿಎಂ ದಾಟೋದಿಲ್ಲ. ಸರ್ವಿಸ್ ಸೆಂಟರಿನವರು ಡಿಪಿಎಫ್, ಅಂದ್ರೆ ಹೊಗೆಯ ಮಸಿ ಹಿಡಿಯೋ ಫಿಲ್ಟರ್, ಹೊಸದು ಹಾಕಬೇಕು, 1.3 ಲಕ್ಷ ಆಗುತ್ತೆ ಅಂದ್ರು. ಮನೆ ಹತ್ತಿರದ ಗ್ಯಾರೇಜಿನವರು 20,000ಕ್ಕೆ ಒಳಗಿನದನ್ನ ತೆಗೆದು ಸಾಫ್ಟ್‌ವೇರ್ ಬದಲಿಸಿಕೊಡ್ತೀವಿ, ಮೈಲೇಜೂ ಜಾಸ್ತಿ ಬರುತ್ತೆ ಅಂತಾರೆ. ಸ್ನೇಹಿತರು ಟ್ಯಾಂಕಿಗೆ ಹಾಕೋ ಕ್ಲೀನರ್ ಬಾಟಲಿ ತಂದುಕೊಟ್ಟಿದ್ದಾರೆ. ಬಂಕಿನ ಡೀಸೆಲ್ ಸರಿ ಇಲ್ಲದೆ ಹೀಗಾಯ್ತಾ? ಕಾರನ್ನ ಚೆನ್ನಾಗಿಯೇ ನೋಡಿಕೊಂಡಿದ್ದೇನೆ. ಆಯಿಲ್ ಯಾವತ್ತೂ ಕಡಿಮೆಯಾಗಿಲ್ಲ, ಈಗಲೂ ಡಿಪ್‌ಸ್ಟಿಕ್‌ನಲ್ಲಿ ಮ್ಯಾಕ್ಸ್ ಗೆರೆಗಿಂತ ಒಂದು ಬೆರಳು ಮೇಲೇ ಇದೆ. ಹೈವೇಲೂ ಇಂಜಿನ್ ಕಾಯೋದಿಲ್ಲ, ಟೆಂಪರೇಚರ್ ಮುಳ್ಳು ಅರ್ಧಕ್ಕೂ ಬರಲ್ಲ. ಕಳೆದ ಸಲ ಆಯಿಲ್ ಮಾತ್ರ ಹೊರಗಡೆ ಬದಲಿಸಿದ್ದೆ. ಏನು ಮಾಡಲಿ?

ಉತ್ತರ:

ನಿಮ್ಮ ಪತ್ರದಲ್ಲಿ ನಿಜವಾದ ಸುಳಿವು ಇರುವುದು ಕೊನೆಯ ಮೂರು ಮಾತುಗಳಲ್ಲಿ. ಕಾರನ್ನು ಚೆನ್ನಾಗಿ ನೋಡಿಕೊಂಡಿದ್ದೇನೆ ಎಂದು ಹೇಳಲು ನೀವು ಬರೆದ ಆ ಮೂರು ಸಂಗತಿಗಳೇ ಫಿಲ್ಟರ್ ಯಾಕೆ ಕಟ್ಟಿಕೊಂಡಿತು ಎಂಬುದನ್ನೂ, ಹಾಸನದ ದಾರಿಯಲ್ಲಿ ಯಾಕೆ ತೆರವಾಗಲಿಲ್ಲ ಎಂಬುದನ್ನೂ ಹೇಳುತ್ತಿವೆ. ಆದ್ದರಿಂದ 1.3 ಲಕ್ಷವನ್ನೂ ಕೊಡಬೇಡಿ, 20,000ವನ್ನೂ ಕೊಡಬೇಡಿ. ಕಾರನ್ನು ಓಡಿಸುವುದನ್ನು ಇವತ್ತೇ ನಿಲ್ಲಿಸಿ. ಡೀಸೆಲ್ ಬೆರೆತ ಆಯಿಲಿನಲ್ಲಿ ಇಂಜಿನ್ ಓಡುತ್ತಿದೆ, ಸದ್ಯಕ್ಕೆ ಫಿಲ್ಟರಿಗಿಂತ ಅದರದ್ದೇ ಚಿಂತೆ ದೊಡ್ಡದು.

ಡಿಪಿಎಫ್ ಅಂದರೆ ಸೈಲೆನ್ಸರ್ ದಾರಿಯಲ್ಲಿ, ಟರ್ಬೋಗೆ ಹತ್ತಿರದಲ್ಲಿ ಕೂತಿರುವ ಪಿಂಗಾಣಿ ಜಾತಿಯ ಒಂದು ಜೇನುಗೂಡು. ಸಾಮಾನ್ಯವಾಗಿ ಸಿಲಿಕಾನ್ ಕಾರ್ಬೈಡ್ ಅಥವಾ ಕಾರ್ಡಿಯರೈಟ್‌ನಿಂದ ಮಾಡಿರುತ್ತಾರೆ. ಜೇನುಗೂಡಿನ ಕಿಂಡಿಗಳಲ್ಲಿ ಒಂದನ್ನು ಈ ತುದಿಯಲ್ಲಿ ಮುಚ್ಚಿದ್ದರೆ ಪಕ್ಕದ್ದನ್ನು ಆ ತುದಿಯಲ್ಲಿ ಮುಚ್ಚಿರುತ್ತಾರೆ. ಹಾಗಾಗಿ ಒಳಹೋದ ಹೊಗೆಗೆ ನೇರ ದಾರಿ ಇಲ್ಲ. ಸಣ್ಣ ರಂಧ್ರಗಳಿರುವ ಗೋಡೆಯೊಳಗಿಂದ ತೂರಿಯೇ ಪಕ್ಕದ ಕಿಂಡಿಗೆ ಬರಬೇಕು, ಮಸಿ ಗೋಡೆಯಲ್ಲೇ ಉಳಿಯುತ್ತದೆ. ಕಾರುಗಳಲ್ಲಿ ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಹಾಕಿದ್ದು 2000ನೇ ಇಸವಿಯಲ್ಲಿ, ಪೂಜೋ 607 ಕಾರಿನಲ್ಲಿ. ನಮ್ಮಲ್ಲಿ 2020ರ ಏಪ್ರಿಲ್ 1ರಂದು ದೇಶವಿಡೀ ಬಿಎಸ್6 (ವಾಹನದ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ ನಿಯಮದ ಆರನೆಯ ಹಂತ) ಬಂದ ಮೇಲೆ ಇದು ಪ್ರತಿ ಡೀಸೆಲ್ ಕಾರಿನ ಪಾಲಿಗೂ ಬಂತು. ಬಿಎಸ್4ರಲ್ಲಿ ಕಿಲೋಮೀಟರಿಗೆ 25 ಮಿಲಿಗ್ರಾಂ ಇದ್ದ ಮಸಿಯ ಮಿತಿ ಬಿಎಸ್6ರಲ್ಲಿ 4.5 ಮಿಲಿಗ್ರಾಂ ಆಯಿತು. ತೂಕದ ಜೊತೆಗೆ ಕಣಗಳ ಸಂಖ್ಯೆಗೂ ಮಿತಿ ಬಂತು. ಫಿಲ್ಟರ್ ಇಲ್ಲದೆ ಡೀಸೆಲ್ ಕಾರು ಆ ಮಿತಿಯೊಳಗೆ ನಿಲ್ಲುವುದಿಲ್ಲ.

ಗೋಡೆಯಲ್ಲಿ ಉಳಿಯುವುದು ಎರಡು ಬಗೆಯ ವಸ್ತು. ಸೌದೆ ಒಲೆ ಉರಿಸಿದವರಿಗೆ ಇದನ್ನು ವಿವರಿಸಬೇಕಿಲ್ಲ. ಮಸಿ ಎಂದರೆ ಪೂರ್ತಿ ಉರಿಯದ ಇಂಗಾಲ. ಮತ್ತೆ ಬೆಂಕಿ ತಾಗಿಸಿದರೆ ಉರಿದು ಹೋಗುತ್ತದೆ. ಬೂದಿ ಎಂದರೆ ಉರಿದು ಮುಗಿದದ್ದು. ಎಷ್ಟೇ ಬೆಂಕಿ ಹಾಕಿದರೂ ಅದು ಬೂದಿಯಾಗಿಯೇ ಇರುತ್ತದೆ, ಬಾಚಿಯೇ ತೆಗೆಯಬೇಕು. ಫಿಲ್ಟರಿನಲ್ಲಿರುವ ಮಸಿ ಬರುವುದು ಡೀಸೆಲಿನಿಂದ. ಬೂದಿ ಬಹುಪಾಲು ಬರುವುದು ಇಂಜಿನ್ ಆಯಿಲಿನಿಂದ, ಅದರಲ್ಲಿ ಬೆರೆಸಿರುವ ಕ್ಯಾಲ್ಸಿಯಂ, ಸತು, ಮೆಗ್ನೀಸಿಯಂ, ರಂಜಕದಿಂದ. ಮಸಿ ವಾರಗಳಲ್ಲಿ ತುಂಬುತ್ತದೆ. ಬೂದಿಯಿಂದ ಫಿಲ್ಟರ್ ತುಂಬಲು ಸರಿಯಾದ ಆಯಿಲ್ ಹಾಕಿದ ಕಾರಿಗೆ ಲಕ್ಷ, ಒಂದೂವರೆ ಲಕ್ಷ ಕಿಲೋಮೀಟರ್, ಕೆಲವೊಮ್ಮೆ ಇನ್ನೂ ಹೆಚ್ಚೇ ಬೇಕು. ನಿಮ್ಮದು 43,000. ಹಾಗಾಗಿ ನಿಮ್ಮ ಫಿಲ್ಟರಿನಲ್ಲಿರುವುದು ಹೆಚ್ಚುಕಡಿಮೆ ಪೂರ್ತಿ ಮಸಿಯೇ, ಅಂದರೆ ಸುಡಬಹುದಾದ್ದು. ಹೊಸ ಫಿಲ್ಟರ್ ಬೇಕು ಎಂದವರು ಕಾರಿನ ಕಂಪ್ಯೂಟರನ್ನು ಓದುವ ಸ್ಕ್ಯಾನರಿನಲ್ಲಿ ಮಸಿ ಎಷ್ಟು ಗ್ರಾಂ, ಬೂದಿ ಎಷ್ಟು ಗ್ರಾಂ ಎಂದು ತೋರಿಸಿದರೇ? ತೋರಿಸಿಲ್ಲವಾದರೆ ಅದು ಅಂದಾಜಿನ ಮಾತು.

ಕಾರು ಮಸಿಯನ್ನು ತಾನೇ ಸುಡುವುದಕ್ಕೆ ರೀಜನರೇಷನ್ ಎನ್ನುತ್ತಾರೆ, ಗ್ಯಾರೇಜಿನಲ್ಲಿ ಬರೀ ರೀಜೆನ್. ಹೈವೇಯಲ್ಲಿ ಒಂದೇ ಸಮನೆ ಓಡುವಾಗ ಹೊಗೆಯ ಬಿಸಿ 300 ಡಿಗ್ರಿ ಆಸುಪಾಸು ಇರುತ್ತದೆ. ಅದರಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ನಿಧಾನವಾಗಿ ಮಸಿಯನ್ನು ತಿನ್ನುತ್ತಾ ಹೋಗುತ್ತದೆ, ನಿಮಗೆ ಗೊತ್ತೇ ಆಗುವುದಿಲ್ಲ. ಊರೊಳಗೆ ಹೊಗೆ ಅಷ್ಟು ಕಾಯುವುದಿಲ್ಲ. ಆಗ ಕಾರಿನ ಇಸಿಯು, ಅಂದರೆ ಇಂಜಿನ್ನನ್ನು ನಿಯಂತ್ರಿಸುವ ಕಂಪ್ಯೂಟರ್, ಇನ್ನೊಂದು ದಾರಿ ಹಿಡಿಯುತ್ತದೆ. ಪಿಸ್ಟನ್ ಕೆಳಗಿಳಿಯುವ ಹೊತ್ತಿಗೆ ಸಿಲಿಂಡರಿಗೆ ಒಂದಿಷ್ಟು ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತದೆ. ಅದು ಒಳಗೆ ಉರಿಯದೆ ಹೊಗೆಯ ಜೊತೆ ಹೋಗಿ, ಡಿಪಿಎಫ್ ಮುಂದಿರುವ ಆಕ್ಸಿಡೇಷನ್ ಕೆಟಲಿಸ್ಟ್‌ನಲ್ಲಿ ಉರಿದು, ಬಿಸಿಯನ್ನು 600 ಡಿಗ್ರಿ ಹತ್ತಿರಕ್ಕೆ ಏರಿಸುತ್ತದೆ. ಹತ್ತು ಇಪ್ಪತ್ತು ನಿಮಿಷದಲ್ಲಿ ಮಸಿ ಸುಟ್ಟು ಹೋಗುತ್ತದೆ.

ಇದು ನಡೆಯುತ್ತಿರುವುದನ್ನು ಗುರುತಿಸುವುದು ಕಲಿತರೆ ಅರ್ಧ ತೊಂದರೆ ತಪ್ಪಿದಂತೆ. ಸಿಗ್ನಲ್‌ನಲ್ಲಿ ನಿಂತಾಗ 800ರ ಹತ್ತಿರ ಇರಬೇಕಾದ ಐಡಲ್ 1,000 ದಾಟಿರುತ್ತದೆ. ಇಂಜಿನ್ ಸದ್ದು ಸ್ವಲ್ಪ ಒರಟಾಗುತ್ತದೆ, ಆ ಕ್ಷಣದ ಮೈಲೇಜ್ ಕುಸಿಯುತ್ತದೆ, ಸ್ಟಾರ್ಟ್-ಸ್ಟಾಪ್ ಇರುವ ಕಾರಿನಲ್ಲಿ ಅದು ಕೆಲಸ ಮಾಡುವುದಿಲ್ಲ. ಮನೆ ಮುಂದೆ ಆಫ್ ಮಾಡಿ ಇಳಿದರೆ ರೇಡಿಯೇಟರ್ ಫ್ಯಾನ್ ಜೋರಾಗಿ ತಿರುಗುತ್ತಲೇ ಇರುತ್ತದೆ, ಕಾದ ಕಬ್ಬಿಣದ ವಾಸನೆ ಬರುತ್ತದೆ. ನಿಮ್ಮದು ಐದಾರು ಕಿಲೋಮೀಟರಿನ ಓಡಾಟ. ರೀಜೆನ್ ಶುರುವಾಗುವಷ್ಟರಲ್ಲಿ ಆಫೀಸ್ ಬಂದಿರುತ್ತದೆ, ಆಫ್ ಮಾಡುತ್ತೀರಿ. ಸಂಜೆ ಮತ್ತೆ ಮೊದಲಿನಿಂದ. ಹೀಗೆ ಅರ್ಧಕ್ಕೆ ನಿಂತ ಪ್ರತಿ ಸಲವೂ ಸಿಂಪಡಿಸಿದ ಡೀಸೆಲಿನ ಒಂದು ಪಾಲು ಸಿಲಿಂಡರ್ ಗೋಡೆಗೆ ಅಂಟಿ, ಪಿಸ್ಟನ್ ರಿಂಗ್ ದಾಟಿ, ಕೆಳಗೆ ಆಯಿಲ್ ಚೇಂಬರಿಗೆ ಇಳಿಯುತ್ತದೆ.

ಡಿಪ್‌ಸ್ಟಿಕ್‌ನಲ್ಲಿ ಒಂದು ಬೆರಳು ಮೇಲೆ ಇರುವುದು ಅದೇ. ಇಂಜಿನ್ ಆಯಿಲ್ ತಾನಾಗಿ ಹೆಚ್ಚಾಗುವ ವಸ್ತುವಲ್ಲ. ಡಿಪ್‌ಸ್ಟಿಕ್ ಎಳೆದು ಎರಡು ಬೆರಳ ನಡುವೆ ಉಜ್ಜಿ ನೋಡಿ, ಮೂಸಿ ನೋಡಿ. ಆಯಿಲಿನ ಜಿಗುಟಿಲ್ಲದೆ ನೀರುನೀರಾಗಿದ್ದು ಡೀಸೆಲ್ ವಾಸನೆ ಬಂದರೆ ಖಚಿತ. ಹೀಗೆ ತೆಳುವಾದ ಆಯಿಲ್‌ನಲ್ಲಿ ಟರ್ಬೋ ಬೇರಿಂಗ್, ಕ್ರ್ಯಾಂಕ್ ಬೇರಿಂಗ್ ಸವೆಯುತ್ತವೆ. ಮಟ್ಟ ತುಂಬಾ ಏರಿದರೆ ಆಯಿಲ್ ಬ್ರೀದರ್ ಮೂಲಕ ಗಾಳಿ ದಾರಿಗೆ ಸೇರಿ, ಇಂಜಿನ್ ಅದನ್ನೇ ಇಂಧನವಾಗಿ ಕುಡಿದು, ಕೀ ತೆಗೆದರೂ ನಿಲ್ಲದೆ ಓಡುವ ಅಪಾಯವೂ ಇದೆ. ಅದಕ್ಕೇ ಮೊದಲು ಓಡಿಸುವುದನ್ನು ನಿಲ್ಲಿಸಿ ಎಂದದ್ದು.

ಇನ್ನು ಟೆಂಪರೇಚರ್ ಮುಳ್ಳು. ಇಂಜಿನ್ ಕಾಯದಿದ್ದರೆ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿದೆ, ರೇಡಿಯೇಟರ್ ಕುದಿಯುತ್ತಿದ್ದ ಕಾಲದ ಕಾರುಗಳಿಂದ ಬಂದದ್ದು. ಡೀಸೆಲ್ ಇಂಜಿನ್ ಸರಿಯಾಗಿ ಉರಿಯಬೇಕಾದರೆ ಕೂಲಂಟ್ (ಇಂಜಿನ್ ಸುತ್ತ ಹರಿದು ಅದನ್ನು ತಣಿಸುವ ದ್ರವ) 85ರಿಂದ 95 ಡಿಗ್ರಿ ಇರಲೇಬೇಕು. ಬಹಳಷ್ಟು ಕಾರುಗಳಲ್ಲಿ ಕೂಲಂಟ್ ಸುಮಾರು 75 ದಾಟಿದರೆ ಸಾಕು, ಮುಳ್ಳು ಮಧ್ಯಕ್ಕೆ ಬಂದು ನಿಲ್ಲುವಂತೆ ಮಾಡಿರುತ್ತಾರೆ. ಅಲ್ಲಿಗೂ ಬರುತ್ತಿಲ್ಲ ಎಂದರೆ ಕೂಲಂಟ್ ನಿಜಕ್ಕೂ ತಣ್ಣಗಿದೆ. ಅದಕ್ಕೆ ಸಾಮಾನ್ಯ ಕಾರಣ, ಇಂಜಿನ್ ಕಾಯುವವರೆಗೆ ಕೂಲಂಟನ್ನು ರೇಡಿಯೇಟರಿಗೆ ಬಿಡದೆ ತಡೆಯುವ ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿರುವುದು. ಟ್ರಾಫಿಕ್‌ನಲ್ಲಿ ಇದು ಅಷ್ಟು ಗೊತ್ತಾಗುವುದಿಲ್ಲ. ಹೈವೇಯಲ್ಲಿ ಗಾಳಿ ರಭಸವಾಗಿ ಹೊಡೆಯುವಾಗ ಕೂಲಂಟ್ ಇನ್ನೂ ತಣ್ಣಗಾಗುತ್ತದೆ. ಕೂಲಂಟ್ ಒಂದು ಮಟ್ಟ ಮುಟ್ಟದೆ ಇಸಿಯು ರೀಜೆನ್‌ಗೆ ಅನುಮತಿ ಕೊಡುವುದಿಲ್ಲ. ಆ ಮಟ್ಟ ಕಾರಿನಿಂದ ಕಾರಿಗೆ ಬೇರೆ, ಸಾಮಾನ್ಯವಾಗಿ 60–70ರ ಮೇಲೆ. ಹಾಸನಕ್ಕೆ ಹೋಗಿ ಬಂದರೂ ದೀಪ ಆರದಿದ್ದುದಕ್ಕೆ ನನ್ನ ಮೊದಲ ಅನುಮಾನ ಇದರ ಮೇಲೆಯೇ. ಥರ್ಮೋಸ್ಟಾಟ್ ಬದಲಿಸಲು ಆಗುವ ಖರ್ಚು ಡಿಪಿಎಫ್ ಬೆಲೆಯ ಎದುರು ಏನೂ ಅಲ್ಲ.

ಮೂರನೆಯದು ಹೊರಗೆ ಹಾಕಿಸಿದ ಆಯಿಲ್. ಡಬ್ಬಿಯ ಮುಂದುಗಡೆ ದೊಡ್ಡದಾಗಿ ಬರೆದ 5ಡಬ್ಲ್ಯು-30 ಎಂಬುದು ಆಯಿಲ್ ಎಷ್ಟು ದಪ್ಪ ಎಂದಷ್ಟೇ ಹೇಳುತ್ತದೆ. ಒಂದೇ 5ಡಬ್ಲ್ಯು-30ಯಲ್ಲಿ ಬೂದಿ ಕಡಿಮೆಯದೂ ಇದೆ, ಹೆಚ್ಚಿನದೂ ಇದೆ. ಡಬ್ಬಿ ತಿರುಗಿಸಿ ಹಿಂದಿನ ಸಣ್ಣ ಅಕ್ಷರ ಓದಬೇಕು. ಎಸಿಇಎ (ಯುರೋಪಿನ ಕಾರು ತಯಾರಕರ ಸಂಘ) ದರ್ಜೆ ಸಿ2 ಅಥವಾ ಸಿ3 ಎಂದಿದ್ದರೆ ಅದರ ಸಲ್ಫೇಟೆಡ್ ಬೂದಿ ನೂರಕ್ಕೆ 0.8ರೊಳಗೆ. ಎ3/ಬಿ4 ಎಂದಷ್ಟೇ ಇದ್ದರೆ 1.0ರಿಂದ 1.6ರವರೆಗೆ, ಅಂದರೆ ಎರಡು ಪಟ್ಟಿನವರೆಗೂ ಹೋಗಬಹುದು. ಹಳೆಯ ಡೀಸೆಲ್ ಗಾಡಿಗಳಿಗೆಂದು ಗ್ಯಾರೇಜಿನ ಮೂಲೆಯಲ್ಲಿಟ್ಟಿರುವ ದೊಡ್ಡ ಬ್ಯಾರೆಲ್‌ನಿಂದ ಅಳೆದು ಹಾಕುವ ಆಯಿಲ್ ಬಿಎಸ್6 ಕಾರಿಗೆ ಬೇಡವೇ ಬೇಡ. ಒಂದು ಸಲ ತಪ್ಪು ಆಯಿಲ್ ಹಾಕಿದ್ದಕ್ಕೆ ಫಿಲ್ಟರ್ ತುಂಬಿಹೋಗುವುದಿಲ್ಲ, ಗಾಬರಿ ಬೇಡ. ಆದರೆ ಹೀಗೆ ಸೇರಿದ ಬೂದಿ ಎಂದಿಗೂ ಸುಟ್ಟು ಹೋಗುವುದಿಲ್ಲ, ಫಿಲ್ಟರಿನ ಆಯಸ್ಸಿನಿಂದ ಅಷ್ಟು ಕಳೆದಂತೆಯೇ. ಯಾವ ದರ್ಜೆ ಬೇಕು ಎಂಬುದು ಓನರ್ಸ್ ಮ್ಯಾನುಯಲ್‌ನಲ್ಲಿ ಇರುತ್ತದೆ, ಅದೇ ಅಂತಿಮ.

ಡೀಸೆಲ್ ಬಗ್ಗೆ ಕೇಳಿದ್ದೀರಿ. 2020ರ ಏಪ್ರಿಲ್‌ನಿಂದ ದೇಶದ ಎಲ್ಲ ಬಂಕ್‌ಗಳಿಗೂ ಬರುತ್ತಿರುವುದು ಹತ್ತು ಲಕ್ಷಕ್ಕೆ 10 ಭಾಗದಷ್ಟೇ ಗಂಧಕ ಇರುವ ಡೀಸೆಲ್. ಹಿಂದೆ ಅದು 50 ಇತ್ತು. ಕಲಬೆರಕೆಯಾದರೆ ಮಾತು ಬೇರೆ, ಆದರೆ ಆಗ ಇಂಜೆಕ್ಟರ್, ಪಂಪು ಮೊದಲು ಕೂಗುತ್ತವೆ. ನೀವು ವಿವರಿಸಿರುವ ಲಕ್ಷಣಗಳಲ್ಲಿ ಬಂಕಿನ ಮೇಲೆ ತಪ್ಪು ಹೊರಿಸುವಂಥದ್ದು ಏನೂ ಇಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲೇ ಬಿಡಿಸುತ್ತೇನೆ. ನೀಲಿ ಮುಚ್ಚಳದ ಟ್ಯಾಂಕಿಗೆ ಹಾಕುವ ಆಡ್‌ಬ್ಲೂ ಅಥವಾ ಡಿಇಎಫ್ ಡಿಪಿಎಫ್ ಅನ್ನು ತೊಳೆಯುವುದಿಲ್ಲ. ಅದು ಯೂರಿಯಾ ನೀರು, ನೈಟ್ರೋಜನ್ ಆಕ್ಸೈಡ್‌ಗಳನ್ನು ಕಡಿಮೆ ಮಾಡಲು ಇರುವುದು. ಮಸಿಗೂ ಅದಕ್ಕೂ ಸಂಬಂಧವಿಲ್ಲ. ಅದನ್ನು ಡೀಸೆಲ್ ಟ್ಯಾಂಕಿಗೆ ಸುರಿದರೆ ಪಂಪು, ಇಂಜೆಕ್ಟರ್ ಎರಡೂ ಹಾಳು.

ಸ್ಕ್ಯಾನರ್ ಹಾಕಿಸಿದಾಗ ಏನು ಕೇಳಬೇಕು

ಬರೀ ದೋಷದ ಕೋಡ್ ಓದಿ ಅಳಿಸುವವರ ಹತ್ತಿರ ಹೋಗಬೇಡಿ. ಪಿ2463 ಬಂದರೆ ಮಸಿ ಹೆಚ್ಚಾಗಿದೆ ಎಂದು, ಪಿ242ಎಫ್ ಬಂದರೆ ಬೂದಿ ಮಿತಿ ಮುಟ್ಟಿದೆ ಎಂದು, ಪಿ2452ರಿಂದ ಪಿ2455ರವರೆಗಿನದು ಬಂದರೆ ಪ್ರೆಷರ್ ಸೆನ್ಸರ್ ಅಥವಾ ಅದರ ವೈರಿಂಗ್ ಕಡೆ ನೋಡಿ ಎಂದು. ಕೋಡ್ ದಾರಿ ತೋರಿಸುತ್ತದೆ ಅಷ್ಟೇ. ಬೇಕಾಗಿರುವುದು ಲೈವ್ ಡೇಟಾ. ಮಸಿಯ ಪ್ರಮಾಣ, ಬೂದಿಯ ಪ್ರಮಾಣ, ಕೊನೆಯ ರೀಜೆನ್ ಪೂರ್ತಿಯಾಗಿ ಎಷ್ಟು ಕಿಲೋಮೀಟರ್ ಆಯಿತು, ಎಷ್ಟು ಸಲ ಅರ್ಧಕ್ಕೆ ನಿಂತಿದೆ, ಕೂಲಂಟ್ ಬಿಸಿ, ಫಿಲ್ಟರಿನ ಹಿಂದುಮುಂದಿನ ಒತ್ತಡದ ವ್ಯತ್ಯಾಸ, ಹೊಗೆಯ ಬಿಸಿ ಅಳೆಯುವ ಸೆನ್ಸರ್‌ಗಳ ಲೆಕ್ಕ, ಇಂಜೆಕ್ಟರ್ ಕರೆಕ್ಷನ್. ಇವನ್ನು ಪ್ರಿಂಟ್ ಮಾಡಿಸಿ, ಇಲ್ಲವೇ ಪರದೆಯ ಫೋಟೋ ತೆಗೆದುಕೊಳ್ಳಿ.

ಒತ್ತಡದ ವ್ಯತ್ಯಾಸ ಅಳೆಯುವ ಸೆನ್ಸರ್ ಒಂದು ಪುಟ್ಟ ಡಬ್ಬಿ. ಫಿಲ್ಟರಿನ ಮುಂದಿನಿಂದ ಒಂದು, ಹಿಂದಿನಿಂದ ಒಂದು, ಎರಡು ಪೈಪುಗಳು ಅದಕ್ಕೆ ಬಂದು ಸೇರುತ್ತವೆ. ಮುಂದಿನ ಒತ್ತಡ ಹಿಂದಿನದಕ್ಕಿಂತ ಎಷ್ಟು ಹೆಚ್ಚೋ ಫಿಲ್ಟರ್ ಅಷ್ಟು ಕಟ್ಟಿದೆ ಎಂದು ಇಸಿಯು ತಿಳಿಯುತ್ತದೆ. ಆ ಪೈಪುಗಳ ರಬ್ಬರ್ ಭಾಗ ಬಿಸಿಗೆ ಬಿರುಕು ಬಿಡುತ್ತದೆ, ಒಳಗೆ ಮಸಿ ಕಟ್ಟುತ್ತದೆ, ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಬಿಚ್ಚಿ ಹಾಕುವಾಗ ಹಿಂದುಮುಂದಾಗಿ ಜೋಡಿಸುವವರೂ ಇದ್ದಾರೆ. ಇಷ್ಟರಿಂದಲೇ ಒಳ್ಳೆಯ ಫಿಲ್ಟರ್ ಕಟ್ಟಿದೆ ಎಂದು ತೋರಬಹುದು. ಪರೀಕ್ಷೆ ಸುಲಭ. ಕೀ ಆನ್ ಮಾಡಿ, ಇಂಜಿನ್ ಸ್ಟಾರ್ಟ್ ಮಾಡಬೇಡಿ. ಲೆಕ್ಕ ಸೊನ್ನೆ ಅಥವಾ ಸೊನ್ನೆಗೆ ತೀರಾ ಹತ್ತಿರ ಇರಬೇಕು. ಹತ್ತಾರು ಮಿಲಿಬಾರ್ ತೋರಿಸಿದರೆ ಸೆನ್ಸರ್ ಸುಳ್ಳು ಹೇಳುತ್ತಿದೆ. ಸ್ಟಾರ್ಟ್ ಮಾಡಿ ಐಡಲ್‌ನಲ್ಲಿ ಬಿಟ್ಟರೆ ಸ್ವಚ್ಛ ಫಿಲ್ಟರ್ ಸಾಮಾನ್ಯವಾಗಿ 10 ಮಿಲಿಬಾರ್ ಒಳಗೇ ಇರುತ್ತದೆ, ಆರ್‌ಪಿಎಂ ಏರಿಸಿದಂತೆ ಏರಿ, ಕಾಲು ತೆಗೆದ ಕೂಡಲೇ ಇಳಿಯುತ್ತದೆ. ಐಡಲ್‌ನಲ್ಲೇ 30, 40 ಇದ್ದರೆ ಕಟ್ಟಿರುವುದು ನಿಜ. ಆರ್‌ಪಿಎಂ ಏರಿಸಿದರೂ ಅಲುಗಾಡದಿದ್ದರೆ ಪೈಪು ಕಿತ್ತಿದೆ, ಇಲ್ಲವೇ ಫಿಲ್ಟರ್ ಒಡೆದಿದೆ.

ಕಟ್ಟಿರುವುದು ನಿಜವಾದರೂ ಅಷ್ಟಕ್ಕೆ ನಿಲ್ಲಬಾರದು. ಟರ್ಬೋದಿಂದ ಬರುವ ಗಾಳಿ ಪೈಪು ಸೀಳಿದ್ದರೆ, ಹೊಗೆಯ ಒಂದು ಪಾಲನ್ನು ಇಂಜಿನ್ನಿಗೆ ಮರಳಿಸುವ ಇಜಿಆರ್ ವಾಲ್ವ್ ತೆರೆದೇ ನಿಂತಿದ್ದರೆ, ಒಂದು ಇಂಜೆಕ್ಟರ್ ಸೋರುತ್ತಿದ್ದರೆ ಇಂಜಿನ್ ಮಸಿಯನ್ನು ಹೆಚ್ಚಾಗಿ ಉಗುಳುತ್ತದೆ. ಹಳೆಯ ಡೀಸೆಲ್ ಗಾಡಿಯಲ್ಲಿ ಹಿಂದಿನವರು ಹಾರ್ನ್ ಹೊಡೆದು, ಗಾಡಿ ಕಪ್ಪು ಹೊಗೆ ಬಿಡ್ತಿದೆ ನೋಡ್ರಿ ಎನ್ನುತ್ತಿದ್ದರು. ಈಗ ಅದೆಲ್ಲವನ್ನೂ ಫಿಲ್ಟರ್ ನುಂಗಿಕೊಂಡು ಸುಮ್ಮನಿರುತ್ತದೆ. ಇಂಜಿನ್ ಕೆಟ್ಟಿದೆ ಎಂದು ನಿಮಗೆ ಗೊತ್ತಾಗುವುದೇ ಫಿಲ್ಟರ್ ದೀಪದಿಂದ. ಜೊತೆಗೆ, ಗ್ಲೋ ಪ್ಲಗ್, ಇಜಿಆರ್, ಬಿಸಿ ಸೆನ್ಸರ್ ಯಾವುದರ ದೋಷ ದಾಖಲಾಗಿದ್ದರೂ ಬಹಳ ಕಾರುಗಳು ರೀಜೆನ್ ಅನ್ನೇ ತಡೆಹಿಡಿಯುತ್ತವೆ. ಟ್ಯಾಂಕಿನಲ್ಲಿ ಡೀಸೆಲ್ ಕಾಲುಭಾಗಕ್ಕಿಂತ ಕೆಳಗಿದ್ದರೂ ಅಷ್ಟೇ. ಐನೂರು ರೂಪಾಯಿಗೆ ಹಾಕಿಸಿಕೊಂಡು ರಿಸರ್ವ್‌ನಲ್ಲೇ ಓಡಿಸುವ ಅಭ್ಯಾಸದ ಬಹಳ ಮಂದಿಗೆ ಈ ಸಂಗತಿ ಗೊತ್ತಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು

ಹೈವೇ ಓಟ. ಇದು ಒಳ್ಳೆಯ ಮದ್ದೇ, ಆದರೆ ಹಳದಿ ಡಿಪಿಎಫ್ ದೀಪ ಒಂದೇ ಹತ್ತಿದ್ದು, ಮಿನುಗದೆ ನಿಂತಿರುವಾಗ ಮಾತ್ರ. ಎರಡು ತಿಂಗಳ ಹಿಂದೆ ಕಾರಿನ ಬಾಕಿ ಎಲ್ಲ ಸರಿಯಿದ್ದಿದ್ದರೆ ಇಷ್ಟರಲ್ಲೇ ಮುಗಿಯುತ್ತಿತ್ತು. ನಿಮ್ಮ ಕಡೆಯವರಿಗೆ ಅನುಕೂಲವಾದ ದಾರಿ ನೈಸ್ ರಸ್ತೆ. ಕನಕಪುರ ರಸ್ತೆ ಬಳಿ ಹತ್ತಿದರೆ ತುಮಕೂರು ರಸ್ತೆವರೆಗೆ ಸಿಗ್ನಲ್ ಇಲ್ಲ. ಟ್ಯಾಂಕ್ ಅರ್ಧವಾದರೂ ಇರಲಿ. ಇಂಜಿನ್ ಪೂರ್ತಿ ಕಾದ ಮೇಲೆ ಫೋರ್ತ್ ಗೇರ್‌ನಲ್ಲಿ 60–80 ವೇಗ, 2,000ದಿಂದ 2,500 ಆರ್‌ಪಿಎಂ, ಇಪ್ಪತ್ತರಿಂದ ಇಪ್ಪತ್ತೈದು ನಿಮಿಷ ಒಂದೇ ಸಮನೆ. ಟಾಪ್ ಗೇರ್‌ನಲ್ಲಿ 1,500ಕ್ಕೆ ತೇಲಿಸಿಕೊಂಡು ಹೋದರೆ ಹೊಗೆ ಸಾಕಷ್ಟು ಕಾಯುವುದಿಲ್ಲ. ದೀಪ ಆರಿದ ಮೇಲೂ ಐದು ನಿಮಿಷ ಓಡಿಸಿ, ಆಮೇಲೆ ನಿಲ್ಲಿಸಿ. ಮಸಿ ಉರಿಯುತ್ತಿರುವಾಗ ಥಟ್ಟನೆ ಐಡಲ್‌ಗೆ ತಂದರೆ ಬಿಸಿಯನ್ನು ಹೊರಗೊಯ್ಯುವ ಗಾಳಿಯ ಹರಿವು ಕುಸಿದು, ಹೊಗೆಯಲ್ಲಿ ಆಮ್ಲಜನಕ ಹೆಚ್ಚಿ, ಒಳಗಿನ ಬಿಸಿ 1,000 ಡಿಗ್ರಿ ದಾಟಬಹುದು. ಜೇನುಗೂಡು ಸೀಳುವುದು ಹೆಚ್ಚಾಗಿ ಹೀಗೆಯೇ. ಒಂದು ಸಲ ಸರಿಯಾಗಿ ಪ್ರಯತ್ನಿಸಿದರೂ ದೀಪ ಆರದಿದ್ದರೆ ಮತ್ತೆ ಮತ್ತೆ ಓಡಿಸಬೇಡಿ. ಪ್ರತಿ ಸೋತ ಪ್ರಯತ್ನವೂ ಆಯಿಲ್‌ಗೆ ಇನ್ನಷ್ಟು ಡೀಸೆಲ್ ಸೇರಿಸುತ್ತದೆ. ನೀವು ಈ ಹಂತವನ್ನು ಈಗಾಗಲೇ ದಾಟಿದ್ದೀರಿ.

ಒಂದು ಎಚ್ಚರಿಕೆಯನ್ನು ಊರ ಕಡೆ ಹೋಗುವವರಿಗೆಲ್ಲ ಹೇಳಬೇಕು. ರೀಜೆನ್ ಹೊತ್ತಿನಲ್ಲಿ ಕಾರಿನ ಹೊಟ್ಟೆಯಡಿ ಬೆಂಕಿಯಷ್ಟೇ ಬಿಸಿ ಇರುತ್ತದೆ. ಒಣ ಹುಲ್ಲಿನ ಮೇಲೆ ನಿಲ್ಲಿಸಬೇಡಿ. ಸುಗ್ಗಿಯಲ್ಲಿ ರಸ್ತೆ ಮೇಲೆ ಹುರುಳಿ, ರಾಗಿ ಒಕ್ಕಣೆಗೆ ಹರಡಿರುತ್ತಾರಲ್ಲ, ಆ ಸೊಪ್ಪು ಅಡಿಗೆ ಸುತ್ತಿಕೊಂಡರೆ ಹೊತ್ತಿಕೊಳ್ಳುತ್ತದೆ. ಹಾದು ಬಂದ ಮೇಲೆ ಇಳಿದು ಕೆಳಗೆ ಬಗ್ಗಿ ನೋಡುವುದು ಪ್ರಾಣ ಉಳಿಸುವ ಅಭ್ಯಾಸ.

ಸರ್ವಿಸ್ ರೀಜೆನ್. ನಿಮ್ಮ ಕಾರಿಗೆ ಬೇಕಾಗಿರುವುದು ಬಹುಶಃ ಇದು. ಸ್ಕ್ಯಾನರಿನಿಂದ ಆಜ್ಞೆ ಕೊಟ್ಟು, ಗಾಡಿ ನಿಂತಲ್ಲೇ ಆರ್‌ಪಿಎಂ ಏರಿಸಿ ಮಸಿ ಸುಡಿಸುವುದು, ಅರ್ಧ ಗಂಟೆಯ ಕೆಲಸ. ಆದರೆ ಕ್ರಮ ತಪ್ಪಬಾರದು. ಮೊದಲು ಥರ್ಮೋಸ್ಟಾಟ್ ಪರೀಕ್ಷಿಸಿ ಬದಲಿಸಬೇಕು, ದಾಖಲಾದ ಬೇರೆ ದೋಷ ಸರಿಪಡಿಸಬೇಕು. ಆಮೇಲೆ ಡೀಸೆಲ್ ಬೆರೆತ ಆಯಿಲ್ ಪೂರ್ತಿ ಇಳಿಸಿ, ಆಯಿಲ್ ಫಿಲ್ಟರ್ ಜೊತೆ ಸರಿಯಾದ ದರ್ಜೆಯದು ಹಾಕಬೇಕು. ಅದಾದ ಮೇಲೆ ರೀಜೆನ್. ಮುಗಿದ ಮೇಲೆ ಆಯಿಲ್ ಮಟ್ಟ ಮತ್ತೆ ನೋಡಬೇಕು. ಏರಿದ್ದರೆ ಮತ್ತೊಮ್ಮೆ ಬದಲಿಸುವುದೇ ಸರಿ, ಅಲ್ಲಿ ಜಿಪುಣತನ ಬೇಡ. ಬಯಲಲ್ಲಿ, ಸಿಮೆಂಟ್ ನೆಲದ ಮೇಲೆ, ಸೈಲೆನ್ಸರ್ ಹಿಂದೆ ಏನೂ ಇಲ್ಲದಂತೆ ನಿಲ್ಲಿಸಿ ಮಾಡಬೇಕು. ಹತ್ತಿರ ಒಬ್ಬರು ನಿಂತಿರಲೇಬೇಕು.

ಇದಕ್ಕೂ ಮಿತಿ ಇದೆ. ಮಸಿ ಕಂಪನಿ ಗೊತ್ತುಮಾಡಿದ ಮಟ್ಟ ಮೀರಿದ್ದರೆ ಇಸಿಯು ಸರ್ವಿಸ್ ರೀಜೆನ್‌ಗೂ ಒಪ್ಪುವುದಿಲ್ಲ. ಅಷ್ಟೊಂದು ಮಸಿ ಒಮ್ಮೆಲೇ ಹೊತ್ತಿದರೆ ಫಿಲ್ಟರ್ ಕರಗುತ್ತದೆ, ಸೀಳುತ್ತದೆ. ಆ ಲೆಕ್ಕವನ್ನು ಸ್ಕ್ಯಾನರಿನಲ್ಲಿ ಸೊನ್ನೆ ಮಾಡಿ ಮೋಸದಿಂದ ರೀಜೆನ್ ಶುರು ಮಾಡಿಸುವವರಿದ್ದಾರೆ. ನೀವು ಪಕ್ಕದಲ್ಲಿ ನಿಂತು ಬೇಡ ಎನ್ನಿ. ಸರ್ವಿಸ್ ಸೆಂಟರಿನವರು ಹೊಸದು ಬೇಕು ಎಂದದ್ದು ಈ ಮಿತಿ ಮೀರಿದ್ದಕ್ಕಾದರೆ ಅವರ ಮಾತಿಗೆ ಆಧಾರವಿದೆ, ಆದರೂ ಅದಕ್ಕೆ ಮುನ್ನ ಇನ್ನೊಂದು ದಾರಿ ಉಳಿದಿದೆ.

ಬಿಚ್ಚಿ ಶುಚಿ ಮಾಡಿಸುವುದು. ಸರಿಯಾಗಿ ಮಾಡುವವರು ಫಿಲ್ಟರನ್ನು ಮೊದಲು ತೂಗುತ್ತಾರೆ, ಒಳಗೆ ಕ್ಯಾಮೆರಾ ಬಿಟ್ಟು ಸೀಳು ಇದೆಯೇ ನೋಡುತ್ತಾರೆ. ಕುಲುಮೆಯಲ್ಲಿಟ್ಟು ಗಂಟೆಗಟ್ಟಲೆ ನಿಧಾನವಾಗಿ ಕಾಯಿಸಿ ಮಸಿ ಸುಡುತ್ತಾರೆ. ಆಮೇಲೆ ಹೊಗೆ ಹೊರಬರುವ ತುದಿಯಿಂದ ಗಾಳಿ ಹೊಡೆದು ಬೂದಿ ಉದುರಿಸುತ್ತಾರೆ. ಇಲ್ಲವೇ ಇದಕ್ಕೆಂದೇ ಇರುವ ಯಂತ್ರದಲ್ಲಿ ನೀರು ಮತ್ತು ತಕ್ಕ ದ್ರಾವಣ ಹಾಯಿಸಿ, ಪೂರ್ತಿ ಒಣಗಿಸುತ್ತಾರೆ. ಕೊನೆಗೆ ಮತ್ತೆ ತೂಗಿ, ಗಾಳಿ ಎಷ್ಟು ಸಲೀಸಾಗಿ ಹಾಯುತ್ತದೆ ಎಂದು ಅಳೆದು ಚೀಟಿ ಕೊಡುತ್ತಾರೆ. ಮೊದಲಿನ ತೂಕ, ಆಮೇಲಿನ ತೂಕ ಎರಡನ್ನೂ ಕೇಳಿ ಪಡೆಯಿರಿ. ಇದಕ್ಕೆ ಬದಲು ವಾಟರ್ ಸರ್ವಿಸ್‌ನ ಪ್ರೆಷರ್ ಗನ್ ಹಿಡಿದು ಹೊಡೆದರೆ, ಆಸಿಡ್ ಸುರಿದರೆ ಗೋಡೆಯ ಮೇಲಿನ ಪ್ಲಾಟಿನಂ ಲೇಪನ ಕಿತ್ತುಬರುತ್ತದೆ. ಬಹಳ ಕಾರುಗಳಲ್ಲಿ ಆಕ್ಸಿಡೇಷನ್ ಕೆಟಲಿಸ್ಟೂ ಅದೇ ಡಬ್ಬಿಯಲ್ಲಿರುವುದರಿಂದ ಅದೂ ಹೋಗುತ್ತದೆ. ಬೆಳ್ಳಗೆ ಹೊಳೆಯುವ ಫಿಲ್ಟರ್ ವಾಪಸ್ ಬರುತ್ತದೆ, ಆದರೆ ಮುಂದೆ ರೀಜೆನ್‌ಗೆ ಬೇಕಾದ ಬಿಸಿಯೇ ಹುಟ್ಟುವುದಿಲ್ಲ.

ಟ್ಯಾಂಕಿಗೆ ಹಾಕುವ ಬಾಟಲಿಯಲ್ಲಿ ಸಾಮಾನ್ಯವಾಗಿ ಇರುವುದು ಮಸಿ ಸ್ವಲ್ಪ ಕಡಿಮೆ ಬಿಸಿಯಲ್ಲೇ ಹೊತ್ತಿಕೊಳ್ಳುವಂತೆ ಮಾಡುವ ಲೋಹದ ಸಂಯುಕ್ತ. ಮಸಿ ಅರೆಬರೆ ಇರುವಾಗ ಒಂದಿಷ್ಟು ನೆರವಾಗಬಹುದು. ಬೂದಿಗೆ ಏನೂ ಮಾಡುವುದಿಲ್ಲ, ಆ ಲೋಹವೇ ಕೊನೆಗೆ ಒಂದಿಷ್ಟು ಬೂದಿಯಾಗಿ ಉಳಿಯುತ್ತದೆ. ರೀಜೆನ್ ನಡೆಯದಂತೆ ತಡೆದಿರುವ ಥರ್ಮೋಸ್ಟಾಟನ್ನಂತೂ ಬಾಟಲಿ ರಿಪೇರಿ ಮಾಡಲಾರದು. ಸ್ನೇಹಿತರಿಗೆ ವಂದಿಸಿ ಪಕ್ಕಕ್ಕಿಡಿ.

ಹೊಸ ಫಿಲ್ಟರ್ ಬೇಕಾಗುವುದು ಒಳಗೆ ಸೀಳಿದಾಗ, ಕರಗಿದಾಗ, ಶುಚಿ ಮಾಡಿಸಿದ ಮೇಲೂ ಒತ್ತಡ ಇಳಿಯದಿದ್ದಾಗ. ಸೀಳಿದೆಯೇ ಎಂದು ನೋಡಲು ನಿಮ್ಮ ಬೆರಳೇ ಸಾಕು. ತಣ್ಣಗಿರುವಾಗ ಸೈಲೆನ್ಸರ್ ತುದಿಯ ಒಳಗೆ ಬೆರಳಾಡಿಸಿ. ಸರಿಯಾದ ಡಿಪಿಎಫ್ ಇರುವ ಕಾರಿನಲ್ಲಿ ಬೂದುಬಣ್ಣದ ಧೂಳು ಹತ್ತಬಹುದು, ಕಾಡಿಗೆಯಂಥ ಕಪ್ಪು ಹತ್ತಬಾರದು. ಹತ್ತಿದರೆ ಹೊಗೆ ಸೋಸದೆ ಬರುತ್ತಿದೆ. ಹಳೆಯ ಕಾರು ಕೊಳ್ಳುವವರೂ ಇದನ್ನು ಮಾಡಿ ನೋಡಬಹುದು. ಹೊಸದು ಹಾಕಿದಾಗ ಇಸಿಯುನಲ್ಲಿ ಬೂದಿಯ ಲೆಕ್ಕ ಸೊನ್ನೆ ಮಾಡಬೇಕು, ಬರೀ ಸರ್ವಿಸ್ ರೀಜೆನ್ ಮಾಡಿದಾಗ ಮಾಡಬಾರದು. ದುಡ್ಡು ಕೊಡುವ ಮುನ್ನ ವಾರಂಟಿ ಪುಸ್ತಕದಲ್ಲಿ ಎಮಿಷನ್ ವಾರಂಟಿ ಎಂಬ ಪುಟ ಇದೆಯೇ ಹುಡುಕಿ. ಅದರ ಅವಧಿ, ಕಿಲೋಮೀಟರ್ ಮಾಮೂಲಿ ವಾರಂಟಿಗಿಂತ ಬೇರೆ ಇರಬಹುದು.

ಇನ್ನು ಒಳಗಿನದನ್ನು ತೆಗೆಸುವ ಮಾತು. ಇದು ರಿಪೇರಿ ಅಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಕಂಪನಿ ಮಾಡಿಕೊಟ್ಟ ಸ್ವರೂಪವನ್ನು ಹೀಗೆ ಬದಲಿಸುವಂತಿಲ್ಲ. 2019ರ ತಿದ್ದುಪಡಿಯ ನಂತರ 182ಎ ಕಲಂ ಅಡಿ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು ಅಥವಾ ಇಂಥ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ ಎರಡೂ ಇವೆ. ಮಾಲಿನ್ಯ ಮಿತಿ ಮೀರಿದ ವಾಹನ ಓಡಿಸಿದರೆ 190(2)ನೇ ಕಲಂ ಅಡಿ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು ಅಥವಾ ಎರಡೂ. ಎಮಿಷನ್ ಟೆಸ್ಟ್ ಪಾಸಾಗುತ್ತೆ ಬಿಡಿ ಎನ್ನುವವರ ಮಾತಿನಲ್ಲಿ ಒಂದು ಸಂಗತಿ ಅಡಗಿದೆ. ಅಲ್ಲಿನ ಯಂತ್ರ ಹೊಗೆ ಎಷ್ಟು ಕಪ್ಪಗಿದೆ ಎಂದು ನೋಡುತ್ತದೆ, ಕಣ್ಣಿಗೆ ಕಾಣದ ಕಣಗಳನ್ನು ಎಣಿಸುವುದಿಲ್ಲ. ಅತ್ಯಂತ ಅಪಾಯಕಾರಿ ಕಣಗಳು ಅವೇ, ಶ್ವಾಸಕೋಶದ ತುದಿಯವರೆಗೂ ಇಳಿಯುವಷ್ಟು ಸಣ್ಣವು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಡೀಸೆಲ್ ಹೊಗೆಯನ್ನು 2012ರಲ್ಲೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ನಿಮ್ಮ ಕಾರಿನ ಸೈಲೆನ್ಸರ್ ತುದಿ ಇರುವ ಎತ್ತರ, ಶಾಲೆ ಮುಂದೆ ಅಮ್ಮನ ಕೈ ಹಿಡಿದು ರಸ್ತೆ ದಾಟಲು ನಿಂತ ಮಗುವಿನ ಮುಖಕ್ಕೆ ಹೆಚ್ಚು ದೂರವಿಲ್ಲ. ಮೈಲೇಜ್ ವಿಷಯವೂ ಅಷ್ಟೇ. ರೀಜೆನ್‌ಗೆ ಖರ್ಚಾಗುವ ಒಂದಿಷ್ಟು ಡೀಸೆಲ್ ಉಳಿಯಬಹುದು, ಅಷ್ಟೇ. ಸೀಳಿದ ಟರ್ಬೋ ಪೈಪು, ಸಿಕ್ಕಿಕೊಂಡ ಥರ್ಮೋಸ್ಟಾಟ್ ಹಾಗೇ ಉಳಿದು, ಇಂಜಿನ್ ಸವೆಯುತ್ತಲೇ ಹೋಗುತ್ತದೆ. ಎಚ್ಚರಿಸುತ್ತಿದ್ದ ದೀಪವನ್ನೂ ನೀವು ದುಡ್ಡು ಕೊಟ್ಟು ಆರಿಸಿರುತ್ತೀರಿ.

ನಿಮ್ಮ ಕೆಲಸದ ಕ್ರಮ ಹೀಗಿರಲಿ. ಕಾರನ್ನು ಓಡಿಸದೆ ಟೋ ಮಾಡಿಸಿ, ಲೈವ್ ಡೇಟಾ ಓದಬಲ್ಲವರ ಹತ್ತಿರ ಕಳಿಸಿ. ಕೂಲಂಟ್ ಬಿಸಿ, ಒತ್ತಡದ ಪೈಪುಗಳು, ದಾಖಲಾದ ದೋಷಗಳನ್ನು ನೋಡಿಸಿ. ಥರ್ಮೋಸ್ಟಾಟ್, ಆಯಿಲ್, ಆಮೇಲೆ ಸರ್ವಿಸ್ ರೀಜೆನ್. ಮಸಿ ಮಿತಿ ಮೀರಿದ್ದರೆ ಬಿಚ್ಚಿ ಶುಚಿ. ಎಲ್ಲವೂ ಸೋತರೆ ಮಾತ್ರ ಹೊಸದು. ನಂತರ ದಿನದ ಓಡಾಟ ಇದೇ ಆದರೆ ವಾರಕ್ಕೆ, ಹತ್ತು ದಿನಕ್ಕೆ ಒಮ್ಮೆ ಅರ್ಧ ಗಂಟೆ ನೈಸ್ ರಸ್ತೆಗೆ ಕರೆದೊಯ್ಯಿರಿ. ಐಡಲ್ ಏರಿ ಫ್ಯಾನ್ ಸದ್ದು ಕೇಳಿಸಿದ ದಿನ ಮನೆ ಬಂದರೂ ನಿಲ್ಲಿಸದೆ, ಅದು ಮುಗಿಯುವವರೆಗೆ ಇನ್ನೊಂದು ಸುತ್ತು ಹಾಕಿ. ತಿಂಗಳಿಗೊಮ್ಮೆ ಬೆಳಗ್ಗೆ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ. ಇನ್ನು ಮುಂದೆ ಮಟ್ಟ ಕಡಿಮೆಯಾದರೆ ಹೇಗೆ ಗಮನಿಸುತ್ತೀರೋ ಹೆಚ್ಚಾದರೂ ಹಾಗೆಯೇ ಗಮನಿಸಿ. ಮುಂದಿನ ಕಾರು ಕೊಳ್ಳುವಾಗಲೂ ಓಡಾಟ ಹೀಗೇ ಇದ್ದರೆ ಡೀಸೆಲ್ ಬೇಡ ಎಂದೇ ಹೇಳುತ್ತೇನೆ. ಐದು ಕಿಲೋಮೀಟರಿನ ಓಟಕ್ಕೆ ಮಾಡಿದ ಇಂಜಿನ್ ಅದಲ್ಲ.

ರಿಪೇರಿಯಾದ ಎರಡು ತಿಂಗಳಿಗೆ ಮತ್ತೊಮ್ಮೆ ಸ್ಕ್ಯಾನರ್ ಹಾಕಿಸಿ, ಒಂದು ರೀಜೆನ್‌ನಿಂದ ಇನ್ನೊಂದಕ್ಕೆ ಎಷ್ಟು ಕಿಲೋಮೀಟರ್ ಬರುತ್ತಿದೆ ಎಂದು ಕೇಳಿ. ಊರೊಳಗಿನ ಓಡಾಟಕ್ಕೆ 200, 250 ಬಂದರೂ ಪರವಾಗಿಲ್ಲ, ಹೈವೇ ಬೆರೆತರೆ 300ರ ಮೇಲೆ ಬರಬೇಕು. ನೂರಕ್ಕೇ ಮತ್ತೆ ಸುಡುತ್ತಿದ್ದರೆ ಮಸಿಯ ಮೂಲ ಇನ್ನೂ ಇಂಜಿನ್ನಿನಲ್ಲೇ ಕೂತಿದೆ. ಇಂಜೆಕ್ಟರ್ ಮತ್ತು ಇಜಿಆರ್ ಕಡೆಯಿಂದ ಹುಡುಕಲು ಶುರು ಮಾಡಿಸಿ.